ಟು-ಡೂ ಆ್ಯಪ್‌ಗಳೆಲ್ಲಾ 15ನೇ ತಾರೀಕಿಗೆ ಕೈಕೊಡ್ತಿವೆ, ಆಫೀಸು ಮನೆ ಎರಡೂ ಸೇರಿಸಿ ನೀವೆಲ್ಲಾ ಹೇಗೆ ನಿಭಾಯಿಸ್ತೀರಾ?

ಲೆಕ್ಕದಮ್ಮ_ತುಮಕೂರು

ಎಲ್ರಿಗೂ ನಮಸ್ಕಾರ. ನಾನು ತುಮಕೂರಲ್ಲಿ ಒಬ್ರು ಆಡಿಟರ್ ಹತ್ರ ಕೆಲಸ ಮಾಡ್ತೀನಿ. ಜಿಎಸ್‌ಟಿ, ಟಿಡಿಎಸ್, ಪಿಎಫ್ ಎಲ್ಲಾ ನನ್ನ ಕೈಯಿಂದಾನೇ ಹೋಗ್ಬೇಕು, ಪಾರ್ಟಿಗಳು ಜಾಸ್ತಿನೇ ಇದ್ದಾರೆ, ಹಾರ್ಡ್‌ವೇರ್ ಅಂಗಡಿ, ಬಟ್ಟೆ ಅಂಗಡಿ, ರೈಸ್ ಮಿಲ್ಲು ಹೀಗೆ. ಡ್ಯೂ ಡೇಟ್ ಮರೆಯೋ ಪ್ರಶ್ನೆನೇ ಇಲ್ಲ, 7ಕ್ಕೆ ಟಿಡಿಎಸ್, 11ಕ್ಕೆ ಆರ್-1 (ಮಾರಾಟದ ಜಿಎಸ್‌ಟಿ ರಿಟರ್ನು), 15ಕ್ಕೆ ಪಿಎಫ್ ಇಎಸ್‌ಐ, 20ಕ್ಕೆ 3ಬಿ (ಟ್ಯಾಕ್ಸ್ ಲೆಕ್ಕ ಹಾಕಿ ಕಟ್ಟೋ ಜಿಎಸ್‌ಟಿ ರಿಟರ್ನು), ನಿದ್ದೆಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ತೊಂದ್ರೆ ಇರೋದು ಮಧ್ಯದಲ್ಲಿ. ಒಬ್ರು ವಾಟ್ಸಾಪಲ್ಲಿ ಬಿಲ್ ಫೋಟೋ ಹಾಕ್ತಾರೆ, ಇನ್ನೊಬ್ರು ಮೇಲ್ ಮಾಡ್ತಾರೆ, ಮತ್ತೊಬ್ರು ಪ್ಲಾಸ್ಟಿಕ್ ಕವರಲ್ಲಿ ತುಂಬಿ ಟೇಬಲ್ ಮೇಲಿಟ್ಟು ಹೋಗ್ತಾರೆ, ಅಷ್ಟರಲ್ಲಿ ಸರ್ ಒಳಗಿಂದ "ಆ ನೋಟಿಸ್‌ಗೆ ರಿಪ್ಲೈ ಏನಾಯ್ತಮ್ಮ" ಅಂತಾರೆ, ಅದೇ ಹೊತ್ತಿಗೆ ಮನೆಯಿಂದ ಫೋನು, ಗ್ಯಾಸ್ ಬುಕ್ ಮಾಡು, ಮಗನ ಸ್ಕೂಲ್ ಫೀಸು ಕಟ್ಟು ಅಂತ.

ಆ್ಯಪ್‌ಗಳು ಮೂರ್ನಾಲ್ಕು ಹಾಕ್ಕೊಂಡು ನೋಡಿದೀನಿ. ತಿಂಗಳ ಶುರುಲಿ ಚೆನ್ನಾಗೇ ನಡೆಯುತ್ತೆ, 15 ದಾಟಿದ್ಮೇಲೆ ತೆಗೆಯೋಕೂ ಪುರುಸೊತ್ತಿರಲ್ಲ, 21ಕ್ಕೆ ತೆಗೆದ್ರೆ ಪೂರ್ತಿ ಕೆಂಪು, ನೋಡೋಕೇ ಬೇಜಾರು. ಪುಸ್ತಕ ವಾಸಿನಾ ಆ್ಯಪ್ ವಾಸಿನಾ? ಮನೆ ಕೆಲಸ ಆಫೀಸ್ ಕೆಲಸ ಒಂದೇ ಕಡೆ ಬರೀಬೇಕಾ? ಹೇಳಿ ಪ್ಲೀಸ್.

ಮಲ್ನಾಡ್_ಟ್ಯಾಕ್ಸ್

ಮೇಡಂ ನಾನೂ ಇದೇ ಫೀಲ್ಡು, ಶಿವಮೊಗ್ಗ. ಆ ಕೆಂಪು ಯಾಕೆ ಬರುತ್ತೆ ಅಂದ್ರೆ ಎಲ್ಲಾ ಕೆಲಸಕ್ಕೂ ಒಂದೊಂದು ತಾರೀಕು ಕೊಟ್ಟಿರ್ತೀವಿ, "ಇವ್ರಿಗೆ ಫೋನ್ ಮಾಡ್ಬೇಕು" ಅನ್ನೋದಕ್ಕೂ 12ನೇ ತಾರೀಕು ಅಂತ ಹಾಕಿದ್ರೆ 13ಕ್ಕೆ ಅದು ಕೆಂಪಾಗ್ದೆ ಇನ್ನೇನಾಗುತ್ತೆ. ಕ್ಯಾಲೆಂಡರಿಗೆ ಹೋಗ್ಬೇಕಾಗಿರೋದು ಆ ದಿನ ಬಿಟ್ರೆ ದಂಡ ಬೀಳೋ ಕೆಲಸ ಮಾತ್ರ. 3ಬಿ ಲೇಟಾದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟೋ ಟ್ಯಾಕ್ಸೇ ಇಲ್ದ ನಿಲ್ ರಿಟರ್ನ್ ಆದ್ರೆ 20, ಟ್ಯಾಕ್ಸ್ ಬಾಕಿ ಇದ್ರೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಬೇರೆ, ಅಂಥದ್ದಕ್ಕೆ ತಾರೀಕು ಬೇಕು. ಮಿಕ್ಕಿದ್ದಕ್ಕೆಲ್ಲಾ ತಾರೀಕಿಲ್ಲದ ಬರೀ ಪಟ್ಟಿ ಸಾಕು.

ಇನ್ನೊಂದು, ಕ್ಯಾಲೆಂಡರಲ್ಲಿ 20 ಅಂತ ಹಾಕೋಬೇಡಿ, 20 ಕೆಲಸ ಮಾಡೋ ದಿನ ಅಲ್ಲ. 2ಬಿ (ಪಾರ್ಟಿಯ ಖರೀದಿ ಬಿಲ್‌ಗಳ ಪಟ್ಟಿ, ಜಿಎಸ್‌ಟಿ ಪೋರ್ಟಲಲ್ಲಿ ತಾನೇ ಬರೋದು) ಬರೋದೇ 14ಕ್ಕೆ, ಅದು ಬಂದ್ಮೇಲೇ ಐಟಿಸಿ, ಅಂದ್ರೆ ಖರೀದಿಗೆ ಕಟ್ಟಿದ ಟ್ಯಾಕ್ಸಿನ ಕ್ರೆಡಿಟ್ಟು, ಟ್ಯಾಲಿ ಮಾಡೋಕಾಗೋದು, ಅಂದ್ರೆ ನಿಮ್ಗೆ ಸಿಗೋದು ಐದಾರು ದಿನ, ಅದ್ರಲ್ಲೊಂದು ಭಾನುವಾರ ಬಂದ್ರೆ ಇನ್ನೂ ಕಮ್ಮಿ. ಹಾಗಾಗಿ ನಮ್ ಆಫೀಸಲ್ಲಿ ಹಿಂದಿನಿಂದ ಎಣಿಸ್ತೀವಿ: 18ಕ್ಕೆ 3ಬಿ ರೆಡಿ ಆಗಿರ್ಬೇಕು, 14-15ಕ್ಕೆ 2ಬಿ ಇಳಿಸ್ಕೋಬೇಕು, 5ನೇ ತಾರೀಕಿಗೆ ಎಲ್ಲಾ ಪಾರ್ಟಿಗೂ ಬಿಲ್ ಕಳಿಸಿ ಅಂತ ಮೆಸೇಜ್ ಹೋಗಿರ್ಬೇಕು. ಈ ಮೂರನ್ನ ಗೂಗಲ್ ಕ್ಯಾಲೆಂಡರಲ್ಲಿ ತಿಂಗಳು ತಿಂಗಳು ರಿಪೀಟ್ ಅಂತ ಒಂದು ಸಲ ಹಾಕಿಬಿಟ್ರೆ ಮುಗೀತು. ಮೂರು ತಿಂಗಳಿಗೊಂದ್ಸಲ ರಿಟರ್ನ್ ಹಾಕೋ ಕ್ವಾರ್ಟರ್ಲಿ ಪಾರ್ಟಿಗಳನ್ನ ಬೇರೆ ಬಣ್ಣದಲ್ಲಿ ಇಡಿ, ಅವ್ರ ಆರ್-1 13ಕ್ಕೆ, ನಮ್ ಕರ್ನಾಟಕಕ್ಕೆ 3ಬಿ 22ಕ್ಕೆ, ಕ್ವಾರ್ಟರಿನ ಮೊದಲ ಎರಡು ತಿಂಗಳ ಟ್ಯಾಕ್ಸ್ ಚಲನ್ 25ಕ್ಕೆ.

ಕೋಡ್_ಕಾವೇರಿ

ನಾನು ಸಾಫ್ಟ್‌ವೇರು, ಟ್ಯಾಕ್ಸ್ ಅಷ್ಟು ತಿಳಿಯಲ್ಲ, ಆದ್ರೆ ನಿಮ್ಮ ಪೋಸ್ಟ್ ಓದಿದಾಗ ಅನ್ಸಿದ್ದು, ಕೆಲಸ ನಾಲ್ಕೈದು ಬಾಗಿಲಿಂದ ಒಳಗೆ ಬರ್ತಿದೆ, ಬಂದಿದ್ದು ಒಂದು ಜಾಗಕ್ಕೆ ಸೇರ್ತಿಲ್ಲ. ನಿಮಗೆ ಡೇ ಬುಕ್ಕು ಲೆಡ್ಜರು ಗೊತ್ತಲ್ಲ ಅಕ್ಕ, ದಿನದ ವ್ಯವಹಾರ ಮೊದ್ಲು ಡೇ ಬುಕ್ಕಿಗೆ, ಆಮೇಲೆ ಲೆಡ್ಜರಲ್ಲಿ ಅದರದರ ಖಾತೆಗೆ, ಹಾಗೇನೇ. ಬಂದಿದ್ದನ್ನೆಲ್ಲಾ ಬಂದ ಹಾಗೇ ಒಂದು ಕಡೆ ಬರ್ಕೊಳ್ಳಿ, ಗ್ಯಾಸು, ನೋಟಿಸು, ಫೀಸು ಎಲ್ಲಾ ಸೇರಿಸಿ, ಆ ಕ್ಷಣಕ್ಕೆ ವಿಂಗಡಿಸೋಕೆ ಹೋಗ್ಬೇಡಿ. ಸಂಜೆ ಹೊರಡೋ ಮುಂಚೆ ಹತ್ತು ನಿಮಿಷ ಕೂತು ಪೋಸ್ಟಿಂಗ್ ಮಾಡಿ: ಇದು ಕ್ಯಾಲೆಂಡರಿಗೆ, ಇದು ಆಫೀಸ್ ಪಟ್ಟಿಗೆ, ಇದು ಮನೆ ಪಟ್ಟಿಗೆ. ಬರೆಯೋದು ಒಂದೇ ಕಡೆ, ನೋಡೋ ಪಟ್ಟಿ ಎರಡು. "ಗೆಟ್ಟಿಂಗ್ ಥಿಂಗ್ಸ್ ಡನ್" ಪುಸ್ತಕ ಬರೆದ ಡೇವಿಡ್ ಅಲೆನ್ ಅನ್ನೋರು ಹೇಳೋ ಎರಡು ನಿಮಿಷದ ರೂಲ್ ಇಲ್ಲಿ ಕೆಲಸಕ್ಕೆ ಬರುತ್ತೆ, ಎರಡು ನಿಮಿಷದೊಳಗೆ ಮುಗಿಯೋದಾದ್ರೆ ಪಟ್ಟಿಗೆ ಹಾಕ್ದೆ ಅಲ್ಲೇ ಮುಗಿಸಿಬಿಡೋದು. ಗ್ಯಾಸ್ ಬುಕಿಂಗ್ ಅಂಥದ್ದೇ.

ಬರ್ಕೊಂಡ್ರೆ ತಲೆ ಹಗುರ ಆಗುತ್ತೆ ಅನ್ನೋದು ಸುಮ್ನೆ ಮಾತಲ್ಲ, ಮ್ಯಾಸಿಕ್ಯಾಂಪೋ ಮತ್ತೆ ಬಾಮೈಸ್ಟರ್ ಅಂತ ಇಬ್ರು ಮನಃಶಾಸ್ತ್ರಜ್ಞರು 2011ರಲ್ಲಿ ಪ್ರಯೋಗ ಮಾಡಿ ತೋರಿಸಿದ್ರು, ಮುಗೀದೇ ಇರೋ ಕೆಲಸ ಬೇರೆ ಕೆಲಸದ ಮಧ್ಯೆ ತಲೆಗೆ ಬಂದು ಕಾಡ್ತಾ ಇರುತ್ತೆ, ಆದ್ರೆ ಯಾವಾಗ ಹೇಗೆ ಮಾಡ್ತೀನಿ ಅಂತ ಪ್ಲಾನ್ ಬರ್ಕೊಂಡ್ರೆ, ಕೆಲಸ ಮುಗೀದಿದ್ರೂ ಆ ಕಾಟ ತಗ್ಗುತ್ತೆ ಅಂತ. ಹಾಗಾಗಿ ಪಟ್ಟಿಲಿ "ರೈಸ್ ಮಿಲ್ ನೋಟಿಸ್" ಅಂತ ಬರೀಬೇಡಿ, "ನಾಳೆ ಬೆಳಿಗ್ಗೆ ಪೋರ್ಟಲಿಂದ ನೋಟಿಸ್ ಪ್ರಿಂಟ್ ತೆಗೆದು ಸರ್ ಟೇಬಲ್ ಮೇಲಿಡೋದು" ಅಂತ ಬರೀರಿ. ಕೈಗೆ ಏನು ಕೆಲಸ ಅಂತ ಗೊತ್ತಾಗ್ಬೇಕು.

ಪೆನ್ನು_ಪೇಪರ್

ಪುಸ್ತಕ. ಕಣ್ಮುಚ್ಚಿ ಹೇಳ್ತೀನಿ. ಟೇಬಲ್ ಮೇಲೆ ತೆರೆದೇ ಇರುತ್ತೆ, ಅನ್‌ಲಾಕ್ ಮಾಡ್ಬೇಕಿಲ್ಲ, ಪಟ್ಟಿ ನೋಡೋಕೆ ಹೋಗಿ ವಾಟ್ಸಾಪಿಗೆ ಜಾರಲ್ಲ.

ಲೆಕ್ಕದಮ್ಮ_ತುಮಕೂರು

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಹಿಂದಿನಿಂದ ಎಣಿಸೋದು ಇವತ್ತೇ ಹಾಕ್ತೀನಿ. ಒಂದು ಡೌಟು, ನನ್ನ ಕೆಲಸ ಅರ್ಧಕ್ಕರ್ಧ ಬೇರೆಯವ್ರಿಗೆ ಕಾಯೋದೇ. ರಿಟರ್ನ್ ರೆಡಿ ಇರುತ್ತೆ, ಪಾರ್ಟಿ ಓಟಿಪಿ ಹೇಳಲ್ಲ, ಫೋನ್ ಎತ್ತಲ್ಲ. ಇದನ್ನ ಯಾವ ಪಟ್ಟಿಗೆ ಹಾಕ್ಲಿ, ನಾನು ಮಾಡೋದೇನೂ ಇಲ್ವಲ್ಲ?

ಮಲ್ನಾಡ್_ಟ್ಯಾಕ್ಸ್

ಅದಕ್ಕೇ ಬೇರೆ ಒಂದು ಪಟ್ಟಿ ಇಡಿ ಮೇಡಂ, ನಮ್ ಕಡೆ "ಬಾಕಿದಾರ್ರು" ಅಂತೀವಿ. ನನ್ ಕೇಳಿದ್ರೆ ನಮ್ ಕೆಲಸದಲ್ಲಿ ಎಲ್ಲಾ ಪಟ್ಟಿಗಿಂತ ಇದೇ ಮುಖ್ಯ, ಯಾಕಂದ್ರೆ ರಿಟರ್ನ್ ತಡ ಆಗೋದು ನಮ್ಮ ಎಂಟ್ರಿ ನಿಧಾನಕ್ಕಲ್ಲ, ಎದುರಿನವ್ರಿಂದ ಬರ್ಬೇಕಾಗಿದ್ದು ಬರ್ದೇ ಇರೋದಕ್ಕೆ. ಯಾರು, ಏನು ಕೊಡ್ಬೇಕು, ಯಾವತ್ತು ಕೇಳಿದೆ, ಇಷ್ಟು ಸಾಕು, ಎಕ್ಸೆಲಲ್ಲಿ ಇಟ್ರೂ ಸರಿ ಪುಸ್ತಕದಲ್ಲಿ ಇಟ್ರೂ ಸರಿ. ಬೆಳಿಗ್ಗೆ ಆಫೀಸಿಗೆ ಬಂದ ತಕ್ಷಣ ಅದನ್ನ ಹಿಡ್ಕೊಂಡು ಸಾಲಾಗಿ ಫೋನ್ ಮಾಡ್ಬಿಡೋದು, ಅಂಗಡಿಯವ್ರಿಗೆ ಗಿರಾಕಿ ಶುರುವಾಗೋ ಮುಂಚೆ ಮಾಡಿದ್ರೆ ಎತ್ತೇ ಎತ್ತುತ್ತಾರೆ.

ವಾಟ್ಸಾಪ್ ಬಿಸಿನೆಸ್ ಇದ್ರೆ ಅದ್ರಲ್ಲಿ ಲೇಬಲ್ ಇದೆ, "ಬಿಲ್ ಬರ್ಬೇಕು", "ಓಟಿಪಿ ಬರ್ಬೇಕು" ಅಂತ ಎರಡು ಮಾಡ್ಕೊಂಡು ಚಾಟ್‌ಗಳಿಗೆ ಅಂಟಿಸಿ, ಬಂದಾಗ ತೆಗೀರಿ. ಓಟಿಪಿಗಂತೂ ಹಿಂದಿನ ದಿನವೇ "ನಾಳೆ 11 ಗಂಟೆಗೆ ಓಟಿಪಿ ಬರುತ್ತೆ, ಫೋನ್ ಹತ್ರ ಇಟ್ಕೊಂಡಿರಿ ಅಣ್ಣ" ಅಂತ ವಾಯ್ಸ್ ಮೆಸೇಜ್ ಹಾಕಿ. ಟೈಪ್ ಮಾಡಿದ್ದು ಓದಲ್ಲ, ವಾಯ್ಸ್ ಆದ್ರೆ ಕೇಳ್ತಾರೆ.