ಸರ್ವರ್‌ನಲ್ಲಿ ಟ್ಯಾಲಿ, ನುಡಿ, ಎಕ್ಸೆಲ್ ಬಿಟ್ಟು ಬೇರೇನೂ ಓಡದ ಹಾಗೆ ಮಾಡೋದು ಹೇಗೆ?

ಬೆಲ್ಲದೂರು:
ಮಂಡ್ಯದಲ್ಲಿ ಒಂದು ಬೆಲ್ಲದ ಮಂಡಿಯ ಲೆಕ್ಕ, ಕಂಪ್ಯೂಟರ್ ಎರಡೂ ನನ್ನ ತಲೆಗೇ ಬಿದ್ದಿವೆ. ಇರೋದು ಒಂದೇ ವಿಂಡೋಸ್ ಸರ್ವರ್ 2019. ಹನ್ನೊಂದು ಜನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರುತ್ತಾರೆ. ಹೋದ ಶನಿವಾರ ಸಂಜೆ, ಬಿಲ್ ಹಾಕೋ ಹೊತ್ತಿಗೆ ಸರಿಯಾಗಿ ಸರ್ವರ್ ಮಲಗಿಬಿಟ್ಟಿತು. ನೋಡಿದರೆ ನಮ್ಮ ಹುಡುಗನೊಬ್ಬ ಹಾಡು ಇಳಿಸೋ ಯಾವುದೋ ಪ್ರೋಗ್ರಾಂ ಅನ್ನು ಡೌನ್‌ಲೋಡ್ಸ್ ಫೋಲ್ಡರ್‌ನಿಂದಲೇ ಓಡಿಸುತ್ತಿದ್ದ. ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನಲ್ಲಿ ಬಳಕೆದಾರರಿಗೆ ನಿಯಮ ಹಾಕೋ ಜಾಗ) ಆ ಫೈಲಿನ ಹೆಸರು ಹಾಕಿ ತಡೆದೆ. ಮಂಗಳವಾರ ಅದೇ ಪ್ರೋಗ್ರಾಂ 'ಜಿಎಸ್‌ಟಿ' ಅನ್ನೋ ಹೊಸ ಹೆಸರಲ್ಲಿ ಓಡುತ್ತಿತ್ತು! ಬೈಯೋಕೂ ಮನಸ್ಸು ಬರಲಿಲ್ಲ.

ಒಂಟಿಕೊಪ್ಪಲು:
ಆ ಪಾಲಿಸಿ ಬರೀ ಹೆಸರು ನೋಡುತ್ತದೆ ಸ್ವಾಮಿ. ಬೇಡದ್ದನ್ನು ಹುಡುಕಿ ಹುಡುಕಿ ತಡೆದರೆ ಮುಗಿಯೋದೇ ಇಲ್ಲ. ಬೇಕಾದ್ದಕ್ಕೆ ಮಾತ್ರ ಅನುಮತಿ ಕೊಡಿ. ವಿಂಡೋಸ್‌ನ ಆಪ್‌ಲಾಕರ್ ಇರೋದೇ ಅದಕ್ಕೆ, ಸರ್ವರ್ 2008 ಆರ್2 ಕಾಲದಿಂದ ಇದೆ. ಅದರ ಡೀಫಾಲ್ಟ್ ರೂಲ್ಸ್ ಹಾಕಿದರೆ ಪ್ರೋಗ್ರಾಂ ಫೈಲ್ಸ್, ವಿಂಡೋಸ್ ಫೋಲ್ಡರ್‌ಗಳಲ್ಲಿ ಇರೋದು ಎಲ್ಲರಿಗೂ ಓಡುತ್ತದೆ, ಅಡ್ಮಿನ್‌ಗೆ ಎಲ್ಲವೂ. ಡೌನ್‌ಲೋಡ್ಸ್‌ನಲ್ಲಿ ಇರೋದು ಯಾವ ಹೆಸರಿಟ್ಟರೂ ಓಡುವುದಿಲ್ಲ. ಅಪ್ಲಿಕೇಶನ್ ಐಡೆಂಟಿಟಿ ಸರ್ವಿಸ್ ಶುರು ಮಾಡೋದು ಮರೀಬೇಡಿ, ಅದಿಲ್ಲದೆ ಈ ರೂಲ್ಸ್ ಕೆಲಸ ಮಾಡಲ್ಲ. ನಾನು ಮರೆತು ಅರ್ಧ ದಿನ ತಲೆ ಚಚ್ಚಿಕೊಂಡಿದ್ದೆ.

ಬೆಲ್ಲದೂರು:
ನಮ್ಮ ಟ್ಯಾಲಿ ಡಿ ಡ್ರೈವ್‌ನಲ್ಲಿದೆ. ಹಾಗಾದರೆ ಅದೂ ನಿಂತುಹೋಗುತ್ತೆ, ಅಲ್ವಾ?

ಪಾಂಡವಪುರದವ:
ನಿಲ್ಲುತ್ತದೆ. ಅದಕ್ಕೇ ಮೊದಲು 'ಆಡಿಟ್ ಓನ್ಲಿ'ಯಲ್ಲಿ ಒಂದಷ್ಟು ದಿನ ಬಿಡಿ, ಯಾರಿಗೂ ಏನೂ ತಡೆಯುವುದಿಲ್ಲ, ಸುಮ್ನೆ ಬರೆದಿಟ್ಟುಕೊಳ್ಳುತ್ತದೆ. ವಿಂಡೋಸ್‌ನ ದಾಖಲೆ ತೋರಿಸೋ ಈವೆಂಟ್ ವ್ಯೂವರ್‌ನಲ್ಲಿ 8003 ಅನ್ನೋ ಸಂಖ್ಯೆಯಡಿ ಬಂದದ್ದೆಲ್ಲ ಮುಂದೆ ನಿಲ್ಲುವಂಥವು. ಆದರೆ ಟ್ಯಾಲಿ ಫೋಲ್ಡರಿಗೆ ಪಾತ್ ರೂಲ್ (ಆ ಜಾಗದಲ್ಲಿ ಇರೋದೆಲ್ಲ ಓಡಲಿ ಅನ್ನೋದು) ಹಾಕಬೇಡಿ. ಡೇಟಾ ಅದರೊಳಗೇ ಇದ್ದರೆ ಹನ್ನೊಂದು ಜನಕ್ಕೂ ಅಲ್ಲಿ ಬರೆಯೋ ಅನುಮತಿ ಇರುತ್ತದೆ. ನಿಮ್ಮ ಹುಡುಗ ತನ್ನ 'ಜಿಎಸ್‌ಟಿ'ಯನ್ನು ಅಲ್ಲಿಗೇ ತಂದಿಡುತ್ತಾನೆ, ನೋಡ್ತಾ ಇರಿ. ಫೈಲಿಗೆ ತಯಾರಕರ ಡಿಜಿಟಲ್ ಸಹಿ ಇದ್ದರೆ ಅದನ್ನು ನೋಡೋ ಪಬ್ಲಿಷರ್ ರೂಲ್, ಇಲ್ಲದಿದ್ದರೆ ಹ್ಯಾಶ್, ಅಂದರೆ ಫೈಲಿನ ಒಳಗಿರೋದರಿಂದ ಲೆಕ್ಕ ಹಾಕಿದ ಗುರುತು. ಹ್ಯಾಶ್ ಆದರೆ ಪ್ರತಿ ಅಪ್‌ಡೇಟ್‌ಗೂ ಹೊಸದಾಗಿ ಹಾಕೋ ಕೆಲಸ. ವಿಂಡೋಸ್ ಒಳಗಿನ ಟೆಂಪ್ ಫೋಲ್ಡರಿಗೂ ಯಾರು ಬೇಕಾದರೂ ಫೈಲ್ ಹಾಕಬಹುದು, ಅದನ್ನು ವಿಂಡೋಸ್ ಫೋಲ್ಡರಿನ ರೂಲ್‌ನಲ್ಲಿ ಎಕ್ಸೆಪ್ಶನ್‌ಗೆ (ಹೊರಗಿಡೋ ಪಟ್ಟಿ) ಸೇರಿಸಿ.

ಬೆಲ್ಲದೂರು:
ಐದು ದಿನ ಆಡಿಟ್ ಆಯ್ತು. 8003ರಲ್ಲಿ ಟ್ಯಾಲಿ ಬಿಟ್ಟರೆ ಜಾಸ್ತಿ ಕಂಡದ್ದು ಒಂದು ಇಸ್ಪೀಟ್ ಆಟ. ಹುಡುಗನ ಲಾಗಿನ್‌ನಿಂದ ಅಲ್ಲ, ನಮ್ಮ ಯಜಮಾನರದ್ದರಿಂದ. ಅವರೊಬ್ಬರ ಹೆಸರಿಗೆ ಹ್ಯಾಶ್ ರೂಲ್ ಹಾಕಿಕೊಟ್ಟಿದ್ದೇನೆ.