ಬಾಲಚುಕ್ಕಿಯ ಮೈಮೇಲಿನ ಗುಂಡಿಗೆ ‘ಕುಳಿ’ ಅನ್ನಬಹುದೇ?

ಬಳಗದವರಿಗೆಲ್ಲ ನಮಸ್ಕಾರ.

ಒಂದು ಪದದ ಹತ್ತಿರ ನನ್ನ ಬರಹ ನಿಂತುಬಿಟ್ಟಿದೆ. ನಿಮ್ಮ ಸಹಾಯ ಬೇಕು.

ಯುರೋಪಿನ ರೊಸೆಟ್ಟಾ ನೌಕೆ 2014ರ ಆಗಸ್ಟಿನಿಂದ 2016ರ ಸೆಪ್ಟೆಂಬರ್‌ವರೆಗೆ ಚುರ್ಯುಮೊವ್-ಗೆರಾಸಿಮೆಂಕೊ ಎಂಬ ಬಾಲಚುಕ್ಕಿಯ ಜೊತೆಜೊತೆಗೇ ಸಾಗಿ ಚಿತ್ರ ತೆಗೆಯಿತಲ್ಲ, ಆ ಚಿತ್ರಗಳ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ನಾಲ್ಕೈದು ಕಿಲೋಮೀಟರ್ ಉದ್ದದ, ಇದ್ದಿಲಿನಂಥ ಕಪ್ಪು ಮುದ್ದೆ ಅದು. ಮೈಮೇಲೆ ದುಂಡನೆಯ ದೊಡ್ಡ ಗುಂಡಿಗಳಿವೆ. ಸೇತ್ ಎಂದು ಹೆಸರಿಟ್ಟಿರುವ ಜಾಗದಲ್ಲಿ ಒಂದಿದೆ: ಅಗಲ ಸುಮಾರು 200 ಮೀಟರ್, ಆಳವೂ ಹೆಚ್ಚುಕಡಿಮೆ ಅಷ್ಟೇ. ಗೋಡೆ ಬಾವಿಯ ಹಾಗೆ ಕಡಿದು.

ಇದಕ್ಕೆ ‘ಕುಳಿ’ ಎಂದು ಬರೆದಿದ್ದೆ. ತಂಗಿಯ ಮಗಳು ಓದಿ, “ದೊಡ್ಡಮ್ಮ, ಯಾವ ಕಲ್ಲು ಬಂದು ಹೊಡೀತು?” ಅಂದಳು. ಅವಳ ತಪ್ಪಿಲ್ಲ. ಚಂದ್ರನ ಕುಳಿ ಅಂತಲೇ ಓದಿ ಬೆಳೆದವಳು. ಆದರೆ ಇಲ್ಲಿ ಮೇಲಿನಿಂದ ಏನೂ ಬಿದ್ದಿಲ್ಲ. ಹೊರಪದರದ ಕೆಳಗಿನ ಮಂಜುಗಡ್ಡೆ ಆವಿಯಾಗಿ ಹೋಗುತ್ತದೆ, ಒಳಗೆ ಪೊಳ್ಳು ಬೆಳೆಯುತ್ತದೆ, ಮೇಲಿನ ಚಾವಣಿ ತೆಳುವಾಗುತ್ತದೆ, ಒಂದು ದಿನ ಕುಸಿಯುತ್ತದೆ. 2015ರಲ್ಲಿ ವಿಜ್ಞಾನಿಗಳು ಇಂಥ 18 ಗುಂಡಿಗಳನ್ನು ನೋಡಿ ಕೊಟ್ಟ ವಿವರಣೆ ಇದು. ಕೆಲವು ಗುಂಡಿಗಳ ಗೋಡೆಯಿಂದ ದೂಳಿನ ಚಿಲುಮೆ ಏಳುತ್ತಿರುವುದೂ ಚಿತ್ರಗಳಲ್ಲಿದೆ.

ನನಗೆ ತಟ್ಟನೆ ನೆನಪಾಗಿದ್ದು ಅಜ್ಜಿ ಮನೆಯ ನೆಲದಡಿಯ ಹಗೇವು. ಜೋಳ ತುಂಬುವುದು ನಿಂತು ಎಷ್ಟೋ ವರ್ಷವಾಗಿತ್ತು. ಮೇಲೆ ಗರಿಕೆ ಬೆಳೆದು, ಅಲ್ಲೊಂದು ಹಗೇವು ಇದೆ ಅನ್ನುವುದೇ ಎಲ್ಲರಿಗೂ ಮರೆತಿತ್ತು. ಒಂದು ಮಳೆಗಾಲ ಬೆಳಗಾಗುವಷ್ಟರಲ್ಲಿ ನೆಲ ಬಾಯಿಬಿಟ್ಟು ಎಮ್ಮೆಕರು ಒಳಗೆ ನಿಂತಿತ್ತು. ಅಂಚಿನಲ್ಲಿ ಗರಿಕೆಯ ಬೇರು ಜೋತಾಡುತ್ತಿತ್ತು. ಮಗುವಿಗೆ ಇದನ್ನೇ ಹೇಳಿದೆ, ಒಂದೇ ಸಲಕ್ಕೆ ಅರ್ಥವಾಯಿತು. ಆದರೆ ಹಗೇವು ಮನುಷ್ಯರು ಕಾಳಿಗಾಗಿ ತೋಡಿದ್ದು. ಅದನ್ನೇ ಹೆಸರಾಗಿ ಇಡಲು ಮನಸ್ಸು ಒಪ್ಪುತ್ತಿಲ್ಲ.

ಯೋಚಿಸಿ ನೋಡಿದರೆ ‘ಕುಳಿ’ಯಲ್ಲಿ ಹೊಡೆತದ ಅರ್ಥ ಮೊದಲಿಂದ ಇಲ್ಲವೇ ಇಲ್ಲ. ಕೆನ್ನೆಯ ಗುಳಿಗೆ, ಅಳಗುಳಿಮಣೆಗೆ ಯಾರು ಕಲ್ಲು ಹೊಡೆದರು? ಚಂದ್ರನ ಬಗ್ಗೆ ಓದಿ ಓದಿ ನಾವೇ ಅದಕ್ಕೆ ಆ ಅರ್ಥ ಅಂಟಿಸಿಕೊಂಡಿದ್ದೇವೆ. ಹಾಗಾಗಿ ಪದವನ್ನು ಬಿಡುವುದು ಬೇಡ, ಅದರ ಮೊದಲಿಗೆ ಒಂದು ಗುರುತು ಸೇರಿಸೋಣ ಅಂತ ನನ್ನ ಅನಿಸಿಕೆ. ಕುಸಿ, ಕುಳಿ ಸೇರಿ ‘ಕುಸಿಗುಳಿ’. ಕಿವಿಗೆ ಒರಟು ಅನಿಸುತ್ತಾ? ‘ಕುಸಿಗುಂಡಿ’ ಅಂದರೆ ನನಗೇಕೋ ರಸ್ತೆಗುಂಡಿ ಕಣ್ಣಿಗೆ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಅಲ್ಲಿನ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ‘ಕರಗಿತು’ ಅಂದರೆ ಮಕ್ಕಳು ನೀರನ್ನೇ ನೆನೆಯುತ್ತಾರೆ. ಪಠ್ಯದ ‘ಉತ್ಪತನ’ ಬೇಡ. ಮುಚ್ಚಳ ತೆಗೆದಿಟ್ಟ ಡಬ್ಬಿಯ ಕರ್ಪೂರಕ್ಕೆ ನಿಮ್ಮ ಮನೆಗಳಲ್ಲಿ ಏನನ್ನುತ್ತೀರಿ? ನಮ್ಮಲ್ಲಿ ‘ಹಾರಿಹೋಯ್ತು’ ಅಂತಾರೆ. ಅದನ್ನೇ ಬಳಸಿದ್ದೇನೆ.

ಬಾವಿ, ಸುರಂಗ ತೋಡುವವರ ನಡುವೆ ಬೆಳೆದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಒಳಗೆ ಪೊಳ್ಳಾಗಿ ತಾನಾಗೇ ಕುಸಿದ ನೆಲಕ್ಕೆ ನಿಮ್ಮ ಕಡೆ ಬೇರೆ ಹೆಸರಿದೆಯಾ?