ಉಬುಂಟು ಲ್ಯಾಪ್‌ಟಾಪಲ್ಲಿ ಕ್ಲೋನ್ ಉನೋಗೆ ಪೋರ್ಟೇ ಬರ್ತಿಲ್ಲ, ಶಾಲೇಲಿ ನೆಟ್ ಇಲ್ಲ (ಸರಿಹೋಯ್ತು)

ಪ್ರಶ್ನೆ:
ನಮಸ್ಕಾರ ಎಲ್ರಿಗೂ, ಆನೇಕಲ್ ಕಡೆ ಒಂದು ಸರ್ಕಾರಿ ಶಾಲೇಲಿ ಶನಿವಾರ ಎಂಟನೇ ಕ್ಲಾಸ್ ಮಕ್ಕಳಿಗೆ ಆರ್ಡುಯಿನೋ (ಪ್ರೋಗ್ರಾಂ ಬರೆದು ನಡೆಸೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು) ಹೇಳ್ಕೊಡ್ತಿದೀನಿ. ಅಲ್ಲಿ ನೆಟ್ ಇಲ್ಲ, ಫೋನಿಗೆ ಸಿಗ್ನಲ್ ಸಿಗೋದೂ ಗೇಟ್ ಹತ್ರ ಹೋದ್ರೆ ಮಾತ್ರ, ಅದಕ್ಕೆ ಏನೇ ಹೇಳಿದ್ರೂ ಆಫ್‌ಲೈನಲ್ಲಿ ಆಗೋ ಥರ ಹೇಳಿ. ಐದು ಹಳೇ ಲ್ಯಾಪ್‌ಟಾಪಿಗೆ ಉಬುಂಟು 22.04 (ಒಂದು ಥರದ ಲಿನಕ್ಸ್) ಹಾಕಿದೀನಿ, ಎಸ್‌ಪಿ ರೋಡಿಂದ ಎಂಟು ಕ್ಲೋನ್ ಉನೋ (ಆರ್ಡುಯಿನೋ ಉನೋ ಬೋರ್ಡಿನ ನಕಲು) ತಂದೆ. ಚುಚ್ಚಿದ್ರೆ ಪವರ್ ಲೈಟ್ ಹತ್ತುತ್ತೆ, ಆದ್ರೆ ಐಡಿಇಲಿ (ಪ್ರೋಗ್ರಾಂ ಬರೆದು ಬೋರ್ಡಿಗೆ ಕಳ್ಸೋ ಸಾಫ್ಟ್‌ವೇರ್) ಪೋರ್ಟ್ ಮೆನು ಮಸುಕಾಗೇ ಇರುತ್ತೆ, ಒತ್ತಕ್ಕೇ ಆಗಲ್ಲ. ನನ್ನ ಹತ್ರ ಇರೋ ಒಂದು ಒರಿಜಿನಲ್ ಉನೋ ಆರ್3 ಮಾತ್ರ ನನ್ ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಅಪ್‌ಲೋಡ್ ಆಗುತ್ತೆ, ಅದರಲ್ಲೂ ಅದೇ ಉಬುಂಟು. ಹೋದ ವಾರ ಮಕ್ಕಳು ಮುಕ್ಕಾಲು ಗಂಟೆ ಸುಮ್ನೆ ಕೂತು ನನ್ ಮುಖ ನೋಡ್ತಿದ್ರು, ತುಂಬಾ ಬೇಜಾರಾಯ್ತು.

ಉತ್ತರ 1:
ಕೇಬಲ್ ಬದಲಾಯಿಸಿ ನೋಡಿದ್ರಾ? ಕೆಲವು ಅಗ್ಗದ ಕೇಬಲಲ್ಲಿ ಡೇಟಾ ವೈರೇ ಇರಲ್ಲ, ಪವರ್ ಅಷ್ಟೇ.

ಪ್ರಶ್ನೆ ಕೇಳಿದವರು:
ನೋಡಿದೆ ಸರ್, ಒರಿಜಿನಲ್ ಬೋರ್ಡಿನ ಕೇಬಲ್ ಹಾಕಿದ್ರೂ ಅದೇ ಕಥೆ.

ಉತ್ತರ 2:
ಒರಿಜಿನಲ್ ಕೆಲಸ ಮಾಡಿ ಕ್ಲೋನ್ ಮಾಡ್ತಿಲ್ಲ ಅಂದ್ರೆ ಅಲ್ಲೇ ಸುಳಿವಿದೆ. ಒರಿಜಿನಲ್ ಆರ್3ಲಿ ಯುಎಸ್‌ಬಿಗೆ ಎಟಿಮೆಗಾ16ಯು2 ಚಿಪ್ ಇರುತ್ತೆ, ಕ್ಲೋನಲ್ಲಿ ಸಾಮಾನ್ಯವಾಗಿ ಸಿಎಚ್340. ಲಿನಕ್ಸಲ್ಲಿ ಇದರ ಡ್ರೈವರ್ ಮೊದಲೇ ಇರುತ್ತೆ, ಏನೂ ಡೌನ್‌ಲೋಡ್ ಬೇಡ. ಆದ್ರೆ 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಅಂತ ಒಂದು ಪ್ರೋಗ್ರಾಂ ಇದೆ, ಕಣ್ಣು ಕಾಣದವರು ಬಳಸೋ ಬ್ರೈಲ್ ಡಿಸ್‌ಪ್ಲೇಗೆ ಅಂತ ಇರೋದು. ಕೆಲವು ಬ್ರೈಲ್ ಡಿಸ್‌ಪ್ಲೇಗಳಲ್ಲೂ ಇದೇ ಯುಎಸ್‌ಬಿ ಐಡಿ (ಚಿಪ್ ಗುರುತಿಸೋ ನಂಬರ್), 1ಎ86:7523, ಇರೋದ್ರಿಂದ ನಿಮ್ ಬೋರ್ಡನ್ನೂ ಬ್ರೈಲ್ ಡಿಸ್‌ಪ್ಲೇ ಅಂದ್ಕೊಂಡು ಪೋರ್ಟ್ ಕಿತ್ಕೊಂಡುಬಿಡುತ್ತೆ. ಬೋರ್ಡ್ ಚುಚ್ಚಿದ ತಕ್ಷಣ ಕರ್ನಲ್ ಲಾಗ್ (ಸಿಸ್ಟಂ ಬರೆದಿಡೋ ದಾಖಲೆ) ನೋಡಿ, ಟಿಟಿವೈಯುಎಸ್‌ಬಿ0 (ಬೋರ್ಡಿನ ಪೋರ್ಟಿನ ಹೆಸರು) ಬಂದು ಕೂಡ್ಲೇ ಡಿಸ್‌ಕನೆಕ್ಟ್ ಅಂತ ಇರುತ್ತೆ, ಪಕ್ಕದಲ್ಲೇ ಬಿಆರ್‌ಎಲ್‌ಟಿಟಿವೈ ಹೆಸರೂ ಕಾಣುತ್ತೆ.

ಟರ್ಮಿನಲಲ್ಲಿ ಸುಡೋ ಆಪ್ಟ್ ರಿಮೂವ್ ಕೊಟ್ಟು ಅದನ್ನ ತೆಗೆದ್ರೆ ಮುಗೀತು, ತೆಗೆಯಕ್ಕೆ ನೆಟ್ ಬೇಕಾಗಲ್ಲ. ಆದ್ರೆ ಆ ಶಾಲೇಲಿ ಯಾವ್ದಾದ್ರೂ ಮಗುಗೆ ಬ್ರೈಲ್ ಡಿಸ್‌ಪ್ಲೇ ಬೇಕಾಗಬಹುದು ಅಂದ್ರೆ ದಯವಿಟ್ಟು ಪೂರ್ತಿ ತೆಗೀಬೇಡಿ. ಯುಡೆವ್ (ಚುಚ್ಚಿದ ಸಾಧನಗಳನ್ನ ನೋಡ್ಕೊಳ್ಳೋ ಲಿನಕ್ಸ್ ಭಾಗ) ರೂಲ್ಸ್ ಫೋಲ್ಡರಲ್ಲಿ 85 ನಂಬರಿಂದ ಶುರುವಾಗೋ ಅದರ ಫೈಲ್ ಇದೆ, ಅದರಲ್ಲಿ 1ಎ86/7523 ಇರೋ ಸಾಲಿನ ಮುಂದೆ ಒಂದು # ಹಾಕಿ ಸೇವ್ ಮಾಡಿ ರೀಸ್ಟಾರ್ಟ್ ಮಾಡಿ, ಆ ಒಂದು ಐಡಿ ಮಾತ್ರ ಬಿಟ್ಟುಬಿಡುತ್ತೆ, ಬೇರೆ ಬ್ರೈಲ್ ಡಿಸ್‌ಪ್ಲೇಗಳು ಎಂದಿನಂತೆ ನಡೀತವೆ.

ಪ್ರಶ್ನೆ ಕೇಳಿದವರು:
ಪೋರ್ಟ್ ಬಂತು!! ಎರಡನೇ ದಾರೀನೇ ಹಿಡಿದೆ, ಯಾಕಂದ್ರೆ ನಮ್ ಕ್ಲಾಸಲ್ಲಿ ಒಬ್ಳು ಹುಡುಗಿಗೆ ದೃಷ್ಟಿ ಇಲ್ಲ, ಈಗ ಅವಳ ಹತ್ರ ಡಿಸ್‌ಪ್ಲೇ ಇಲ್ದೇ ಇರಬಹುದು, ಮುಂದೆ ಸಿಕ್ಕಿದ್ರೆ ಲ್ಯಾಪ್‌ಟಾಪ್ ರೆಡಿ ಇರ್ಲಿ. ಮೂರು ಲ್ಯಾಪ್‌ಟಾಪ್ ಸರಿ ಇದಾವೆ, ಎರಡರಲ್ಲಿ ಅಪ್‌ಲೋಡ್ ಒತ್ತಿದ್ರೆ ಪರ್ಮಿಷನ್ ಡಿನೈಡ್ ಅಂತಿದೆ.

ಉತ್ತರ 2:
ಆ ಎರಡರಲ್ಲಿ ಮಕ್ಕಳ ಯೂಸರ್ ಅಕೌಂಟು ಡಯಲ್‌ಔಟ್ ಗ್ರೂಪಲ್ಲಿ (ಪೋರ್ಟ್ ಬಳಸೋ ಅನುಮತಿ ಇರೋರ ಗುಂಪು) ಇಲ್ಲ. ಯೂಸರ್‌ಮಾಡ್ ಕಮಾಂಡಿಂದ ಸೇರಿಸಿ, ಆಮೇಲೆ ಒಂದ್ಸಲ ಲಾಗ್‌ಔಟ್ ಆಗಿ ವಾಪಸ್ ಬನ್ನಿ, ಬರೀ ಐಡಿಇ ಮುಚ್ಚಿ ತೆಗೆದ್ರೆ ಸಾಲಲ್ಲ. ಐಡಿಇ ಯಾವ ವರ್ಶನ್ ಹಾಕಿದೀರಾ? ಐಡಿಇ 2 ಆದ್ರೆ ಉನೋದ ಎವಿಆರ್ ಕೋರನ್ನ (ಉನೋಗೆ ಪ್ರೋಗ್ರಾಂ ತಯಾರಿಸಕ್ಕೆ ಬೇಕಾದ ಫೈಲುಗಳು) ನೆಟ್ಟಿಂದಲೇ ಎಳ್ಕೊಳ್ಳುತ್ತೆ, 1.8.19ರಲ್ಲಿ ಅದು ಒಳಗೇ ಬರುತ್ತೆ. ಇಂಥ ಶಾಲೆಗೆ 1.8.19ನೇ ಪೆನ್‌ಡ್ರೈವಲ್ಲಿ ಒಯ್ಯಿರಿ, ಲೈಬ್ರರಿಗಳನ್ನೂ ಜಿಪ್ ಮಾಡಿ ಜೊತೆಗೇ ಇಟ್ಕೊಳ್ಳಿ.

ಆಮೇಲೆ ಆ ಹುಡುಗಿಗೆ ಬ್ಲಿಂಕ್ (ಲೈಟ್ ಮಿಣುಕಿಸೋ ಪ್ರೋಗ್ರಾಂ) ಮಾಡಿಸುವಾಗ ಎಲ್‌ಇಡಿ ಬದಲು ಪಿನ್ 8ಕ್ಕೆ ಒಂದು ಪೀಝೋ ಬಝರ್ ಹಾಕಿ ಟೋನ್ ಕಮಾಂಡ್ ಬರೆಸಿ, ಡಿಲೇ 1000ದಿಂದ 200ಕ್ಕೆ ಇಳಿಸಿದ್ರೆ ಏನಾಗುತ್ತೆ ಅಂತ ಅವಳಿಗೆ ಕಿವೀಲೇ ಗೊತ್ತಾಗುತ್ತೆ.

ಪ್ರಶ್ನೆ ಕೇಳಿದವರು:
ಐದೂ ನಡೀತಿದಾವೆ ಸರ್. ಬಝರ್ ತರಕ್ಕೆ ನಾಳೆನೇ ಎಸ್‌ಪಿ ರೋಡಿಗೆ ಹೋಗ್ತೀನಿ, ಎಲ್ಲಾ ಮಕ್ಕಳಿಗೂ ಆಗೋಷ್ಟು ತರ್ತೀನಿ.